ತಂಗಿಗೊಂದು ಬೇಸ್: ಎರಡು ಜಾತಿ ಪಿಕಪ್, ಒಂದೇ ಗಿಟಾರ್

"ಅಣ್ಣಾ, ಈ ಬೇಸ್ ಮಾರಿಬಿಡ್ತೀನಿ. ಸ್ಟೇಜ್ ಮೇಲೆ ನಾನು ನುಡಿಸ್ತಿದ್ದೀನೋ ಸುಮ್ನೆ ನಿಂತಿದ್ದೀನೋ ಯಾರಿಗೂ ಗೊತ್ತಾಗಲ್ಲ."

ಚಿಕ್ಕಪ್ಪನ ಮಗಳು ಫೋನಿನಲ್ಲಿ ಹೀಗೆ ಶುರು ಮಾಡಿದಳು. ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರದ ದಪ್ಪ ತಂತಿಯ ಗಿಟಾರ್ ಹಿಡಿದು ಅವಳಿಗೆ ಐದು ವರ್ಷ. ಕೈ ಚೆನ್ನಾಗಿದೆ, ತಾಳ ಗಟ್ಟಿ. ಬ್ಯಾಂಡಿನಲ್ಲಿ ಎರಡು ಗಿಟಾರ್, ಒಂದು ಕೀಬೋರ್ಡ್, ಡ್ರಮ್ಸ್, ಒಬ್ಬ ಹಾಡುಗಾರ. ನಾನು ಅವಳಿಗಿಂತ ಬಹಳ ಮುಂಚೆ ಈ ವಾದ್ಯಕ್ಕೆ ಬಿದ್ದವನು. ಜೊತೆಗೆ ಸೋಲ್ಡರಿಂಗ್ ಐರನ್ ಹಿಡಿದು ಕಂಡವರ ಗಿಟಾರ್ ಬಿಚ್ಚೋ ಚಟ. ಹಾಗಾಗಿ ಕೇಸು ನನ್ನ ಮೇಜಿಗೇ ಬಂತು. ಬಗೆಹರಿಯೋಕೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ನಡುವೆ ನಾನು ಒಂದು ಸಲ ಪೂರ್ತಿ ತಪ್ಪು ಬೇಸಿನ ಕಡೆ ವಾಲಿದ್ದೆ. ಅದನ್ನೂ ಬರೆಯುತ್ತೇನೆ.

ಮೊದಲು ಅವಳ ಅಗತ್ಯ ಏನು ಅಂತ ಕೂತು ಬರೆದುಕೊಂಡೆವು. ಅವರು ನುಡಿಸುವ ಹಾಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೇರ ರಾಕ್, ಪಿಕ್ (ತಂತಿ ಮೀಟೋ ಸಣ್ಣ ಬಿಲ್ಲೆ) ಹಿಡಿದು ನುಡಿಸೋದು. ಕೆಲವು ನಿಧಾನದ ಹಾಡು, ಬೆರಳಲ್ಲಿ. ಎರಡು ಮೂರು ಫಂಕ್, ಅದರಲ್ಲಿ ಸ್ಲ್ಯಾಪ್, ಅಂದರೆ ಹೆಬ್ಬೆರಳಲ್ಲಿ ತಂತಿಗೆ ಹೊಡೆದು ನುಡಿಸೋದು ಇದೆ. ಒಂದೇ ಒಂದು ಹಾಡಿನ ಶುರುವಿನಲ್ಲಿ ಬೇಸ್ ಒಂಟಿಯಾಗಿ ಮೇಲಿನ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಲೋಹದ ಪಟ್ಟಿಗಳು) ಒಂದು ರಾಗದ ತುಣುಕು ನುಡಿಸುತ್ತದೆ. ಎರಡು ಬೇಸ್ ಹೊತ್ತುಕೊಂಡು ಹೋಗೋಕೆ ಅವಳು ತಯಾರಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋಕೆ ನಡುವೆ ಹತ್ತು ಸೆಕೆಂಡ್ ಸಿಕ್ಕರೆ ಹೆಚ್ಚು.

ಈ ಹತ್ತು ಸೆಕೆಂಡಿನ ಮಾತು ನೆನಪಿಟ್ಟುಕೊಳ್ಳಿ. ಕೊನೆಗೆ ತೀರ್ಮಾನ ಮಾಡಿದ್ದು ಅದೇ.

ಹಳೆಯ ಬೇಸಿಗೆ ಏನಾಗಿತ್ತು

ಅವಳ ಬೇಸ್ ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯದ್ದು. ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ಕರೆಂಟಿನ ಸಿಗ್ನಲ್ ಮಾಡೋ ಮ್ಯಾಗ್ನೆಟ್ ತುಂಡುಗಳು; ಜೊತೆಗೆ ಎರಡು ವಾಲ್ಯೂಮ್, ಒಂದು ಟೋನ್. ಮನೆಯಲ್ಲಿ ನುಡಿಸಿ ತೋರಿಸಿದಳು. ಸೊಗಸಾಗಿತ್ತು. ಕೆಳಗೆ ಗುಂಡಗೆ, ಮೇಲೆ ಗಾಜಿನ ಹಾಗೆ. "ಇಷ್ಟು ಚೆನ್ನಾಗಿದೆಯಲ್ಲ, ಮಾರೋದ್ಯಾಕೆ?" ಅಂದೆ. "ರಿಹರ್ಸಲ್‌ಗೆ ಬಾ, ಆಮೇಲೆ ಹೇಳು" ಅಂದಳು.

ಹೋದೆ. ಎರಡು ಗಿಟಾರ್ ಶುರುವಾದ ತಕ್ಷಣ ಬೇಸ್ ಮಾಯ. ನೆಲ ಅದುರುತ್ತಿದೆ, ಆದರೆ ಯಾವ ಸ್ವರ ಅಂತ ಹೇಳೋಕಾಗಲ್ಲ. ಅವಳು ಆಂಪ್‌ನಲ್ಲಿ ಮಂದ್ರದ ನಾಬ್ ಏರಿಸುತ್ತಾಳೆ, ಅದುರು ಜಾಸ್ತಿ ಆಗುತ್ತದೆ, ಸ್ವರ ಅಲ್ಲೇ ಇದೆ. ಡ್ರಮ್ಸ್ ಹುಡುಗ ನಕ್ಕೊಂಡು, "ಅಕ್ಕಾ, ನಿಮ್ಮ ಬೇಸ್ ನಂಗೆ ಕುರ್ಚಿಯಿಂದ ಗೊತ್ತಾಗುತ್ತೆ, ಕಿವಿಯಿಂದ ಅಲ್ಲ" ಅಂದ.

ಹತ್ತಿರ ಹೋಗಿ ನಾಬ್ ನೋಡಿದೆ. ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟಿದ್ದಳು. ಐದು ವರ್ಷ ಹಾಗೇ ಇಟ್ಟಿದ್ದಾಳಂತೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಇಬ್ಬರು ಹುಡುಗರು ಸ್ಕಿಪ್ಪಿಂಗ್ ಹಗ್ಗದ ಎರಡು ತುದಿ ಹಿಡಿದು ಬೀಸೋದನ್ನು ನೆನೆಸಿಕೊಳ್ಳಿ. ನಡುವೆ ಹಗ್ಗ ದೊಡ್ಡದಾಗಿ ಆಡುತ್ತದೆ, ಕೈ ಹತ್ತಿರ ಅಲುಗಾಟ ಕಮ್ಮಿ. ಬೇಸಿನ ತಂತಿಯೂ ಹಾಗೇ. ನೆಕ್ (ಗಿಟಾರಿನ ಕತ್ತು) ಕಡೆಯ ಪಿಕಪ್ ದೊಡ್ಡ ಅಲುಗಾಟವನ್ನು, ಅಂದರೆ ಮೂಲ ಸ್ವರವನ್ನು ಜಾಸ್ತಿ ಕೇಳಿಸಿಕೊಳ್ಳುತ್ತದೆ. ಬ್ರಿಡ್ಜ್ (ಮೈ ಮೇಲೆ ತಂತಿ ಕೊನೆಯಾಗೋ ಕುದುರೆ) ಕಡೆಯದಕ್ಕೆ ಮೂಲ ಸ್ವರ ಕಮ್ಮಿ ಸಿಗುತ್ತದೆ, ಆ ಲೆಕ್ಕದಲ್ಲಿ ಮೇಲಿನ ಪಲುಕುಗಳು (ಮೂಲ ಸ್ವರದ ಜೊತೆ ಹುಟ್ಟೋ ಹಾರ್ಮೋನಿಕ್‌ಗಳು) ಎದ್ದು ಕೇಳುತ್ತವೆ. ಎರಡನ್ನೂ ಸಮಸಮ ಬೆರೆಸಿದರೆ ಕೆಲವು ಪಲುಕುಗಳಲ್ಲಿ ಒಂದು ಪಿಕಪ್ಪಿನ ಮೇಲೆ ತಂತಿ ಮೇಲೆದ್ದಿರುತ್ತದೆ, ಅದೇ ಹೊತ್ತಿಗೆ ಇನ್ನೊಂದರ ಮೇಲೆ ಕೆಳಗಿಳಿದಿರುತ್ತದೆ. ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಹೀಗೆ ಹೋಗುವುದು ಹೆಚ್ಚಾಗಿ ನಡುವಿನ ಸದ್ದು, ಮಿಡ್. ಒಂಟಿಯಾಗಿ ಕೇಳುವಾಗ ಅದು ನುಣುಪಾಗಿ ಚೆಂದ. ಗುಂಪಿನಲ್ಲಿ ಮಾತ್ರ ಬೇಸನ್ನು ಕಿವಿಗೆ ಮುಟ್ಟಿಸೋದೇ ಆ ಮಿಡ್.

ಹಾಗಾಗಿ ನನ್ನ ಮೊದಲ ಸಲಹೆ ಕೊಳ್ಳುವುದರ ಬಗ್ಗೆ ಇರಲೇ ಇಲ್ಲ. ಬ್ರಿಡ್ಜ್ ವಾಲ್ಯೂಮನ್ನು ಒಂದು ಚೂರು ಇಳಿಸು ಅಂದೆ. ಇಳಿಸಿದಳು. ಕೀಬೋರ್ಡ್ ಹುಡುಗ ತಲೆ ಎತ್ತಿ ನೋಡಿದ. ಪೂರ್ತಿ ಇಳಿಸಿ ನೆಕ್ ಪಿಕಪ್ ಒಂದರಲ್ಲೇ ನುಡಿಸಿದಾಗ ಇನ್ನೂ ಚೆನ್ನಾಗಿ ಕೇಳಿತು. ಆದರೆ ಇನ್ನೊಂದು ಅತಿಥಿ ಬಂದು ಕೂತಿತು: ಗುಂಯ್ ಅನ್ನೋ ಹಮ್. ಸಿಂಗಲ್ ಕಾಯಿಲ್ ಪಿಕಪ್ಪು ತಂತಿಯ ಜೊತೆ ಸುತ್ತಮುತ್ತಲ ಕರೆಂಟಿನ ಗೂಂಗಾಟವನ್ನೂ ಹಿಡಿಯುತ್ತದೆ. ಜಾಝ್ ಬೇಸಿನಲ್ಲಿ ಸಾಮಾನ್ಯವಾಗಿ ಎರಡು ಪಿಕಪ್ಪನ್ನು ಒಂದಕ್ಕೊಂದು ಉಲ್ಟಾ ಸುತ್ತಿ, ಮ್ಯಾಗ್ನೆಟ್ಟನ್ನೂ ಉಲ್ಟಾ ಇಟ್ಟಿರುತ್ತಾರೆ. ಎರಡೂ ಸಮ ಇದ್ದಾಗ ಹಮ್ ಸತ್ತುಹೋಗುತ್ತದೆ. ಒಂದನ್ನು ಇಳಿಸಿದಿರೋ, ಹಮ್ ಎದ್ದಿತು. ಸ್ಟೇಜ್ ಲೈಟಿನ ಡಿಮ್ಮರ್ ಹತ್ತಿರ ಇದ್ದರೆ ಕೇಳೋದೇ ಬೇಡ.

ಅಂದರೆ ಅವಳ ಕೈಯಲ್ಲಿದ್ದದ್ದು ಎರಡೇ ದಾರಿ. ಹಮ್ ಇಲ್ಲದೆ ಮಾಯವಾಗೋದು, ಇಲ್ಲವೇ ಹಮ್ ಜೊತೆ ಕೇಳಿಸೋದು. ಕೊಳ್ಳೋಕೆ ಕಾರಣ ಸಿಕ್ಕಿದ್ದು ಆಗ.

ಯಾವ ಜೋಡಿ?

ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ತಂದಾಗ ಅದಕ್ಕೆ ಒಂದೇ ಸಾದಾ ಸಿಂಗಲ್ ಕಾಯಿಲ್ ಇತ್ತು. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ಅರ್ಧ ಇ ಮತ್ತು ಎ ತಂತಿಗೆ, ಅರ್ಧ ಡಿ ಮತ್ತು ಜಿ ತಂತಿಗೆ. ಎರಡು ತುಂಡೂ ಒಂದಕ್ಕೊಂದು ಉಲ್ಟಾ, ಹಾಗಾಗಿ ಹಮ್ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಇದೇ ಇವತ್ತಿನ 'ಪಿ' ಪಿಕಪ್. ಸದ್ದು ಗಡುಸು, ಮಿಡ್ ತುಂಬಾ, ತಳ್ಳಾಡಿ ಜಾಗ ಮಾಡಿಕೊಳ್ಳುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಜೇಮ್ಸ್ ಜೇಮರ್ಸನ್ 1962ರ ಪ್ರೆಸಿಷನ್‌ಗೆ ಫ್ಲಾಟ್‌ವೌಂಡ್ (ನುಣುಪು ಮೇಲ್ಮೈಯ) ತಂತಿ ಹಾಕಿ ನುಡಿಸಿದ್ದು ಇದನ್ನೇ. 'ಜೆ' ಅಂದರೆ 1960ರಲ್ಲಿ ಬಂದ ಜಾಝ್ ಬೇಸಿನ ತೆಳ್ಳಗಿನ ಉದ್ದ ಪಿಕಪ್. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ 1962ರ ಜಾಝ್ ಬೇಸಿನಲ್ಲಿ ಬ್ರಿಡ್ಜ್ ಪಿಕಪ್ಪಿನ ಕಡೆ ವಾಲಿ ತೆಗೆದ ಆ ಮೂಗಿನ ದನಿ ಕೇಳಿದ್ದರೆ ಸಾಕು, ಹೆಚ್ಚು ವಿವರಣೆ ಬೇಡ. ಮೂರನೆಯದು 1976ರಲ್ಲಿ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಜೊತೆ ಬಂದ ದಪ್ಪ ಹಂಬಕರ್, ಅಂದರೆ ಹಮ್ ಕಳೆಯೋ ಎರಡು ಕಾಯಿಲಿನ ಪಿಕಪ್. ಅದನ್ನು ಎಲ್ಲರೂ 'ಎಂಎಂ' ಅಂತಾರೆ. ಜೊತೆಗೆ ಬ್ಯಾಟರಿಯಲ್ಲಿ ನಡೆಯುವ ಪ್ರೀಆಂಪ್ (ಸಿಗ್ನಲ್ ಜೋರು ಮಾಡೋ ಸರ್ಕಿಟ್) ಒಳಗೇ ಇತ್ತು.

ಈ ಮೂರನ್ನು ಅದಲು ಬದಲು ಮಾಡಿ ಜೋಡಿಸಿದರೆ ಮಿಶ್ರ ಪಿಕಪ್ ಬೇಸ್. ನೆಕ್ ಕಡೆ ಪಿ, ಬ್ರಿಡ್ಜ್ ಕಡೆ ಜೆ ಇದ್ದರೆ ಪಿಜೆ, ಇದು ಎಲ್ಲಕ್ಕಿಂತ ಜಾಸ್ತಿ ಕಾಣಸಿಗೋದು. ಯಮಹಾದ ಬಿಬಿ ಸರಣಿಯ ಹಲವು ಮಾಡೆಲ್, ಸ್ಪೆಕ್ಟರ್ ಎನ್‌ಎಸ್-2, ಸ್ಕ್ವಯರ್ ಅಫಿನಿಟಿಯ ಪಿಜೆ, ಇವೆಲ್ಲ ಈ ಜಾತಿ. ಗನ್ಸ್ ಎನ್ ರೋಸಸ್‌ನ ಡಫ್ ಮೆಕೇಗನ್ ಕೈಯಲ್ಲಿ ಕಾಣುವ ಬೇಸೂ ಪಿಜೆಯೇ, ಹೆಸರಿನಲ್ಲಿ ಮಾತ್ರ ಜಾಝ್ ಬೇಸ್ ಸ್ಪೆಷಲ್ ಅಂತ ಇತ್ತು. ನೆಕ್ ಕಡೆ ಜೆ, ಬ್ರಿಡ್ಜ್ ಕಡೆ ಎಂಎಂ ಅನ್ನೋದು ಇನ್ನೊಂದು ದಾರಿ, ಲೇಕ್‌ಲ್ಯಾಂಡಿನ 44-94 ಅದಕ್ಕೆ ಹೆಸರುವಾಸಿ. ಪಿ ಮತ್ತು ಎಂಎಂ ಜೋಡಿ ಮೂರನೆಯದು.

ಗೆಳೆಯರ ಹತ್ತಿರ ಎರಡು ಸಿಕ್ಕವು, ಸೆಕೆಂಡ್ ಹ್ಯಾಂಡ್ ಮಾರಾಟಕ್ಕಿದ್ದ ಒಂದನ್ನು ನೋಡಿ ಹೇಳ್ತೀವಿ ಅಂತ ತಂದೆವು. ಕಂಪನಿ ಹೆಸರು ಹೇಳಲ್ಲ. ಮಾರಾಟಕ್ಕಿದ್ದ ಪಿಜೆ ಮೊದಲನೆಯದು: ಬ್ಯಾಟರಿ ಇಲ್ಲದ ಪ್ಯಾಸಿವ್, ಎರಡು ವಾಲ್ಯೂಮ್, ಒಂದು ಟೋನ್. ಎರಡನೆಯದು ಪಿ ಮತ್ತು ಎಂಎಂ, ಬ್ಯಾಟರಿಯಲ್ಲಿ ನಡೆಯೋ ಮೂರು ಬ್ಯಾಂಡಿನ ಆಕ್ಟಿವ್ ಈಕ್ಯೂ (ಮಂದ್ರ, ಮಿಡ್, ಟ್ರೆಬಲ್ ಏರಿಳಿಸೋದು), ಎರಡು ಪಿಕಪ್ ಬೆರೆಸೋ ಒಂದು ಬ್ಲೆಂಡ್ ನಾಬ್. ಮೂರನೆಯದು ಜೆ ಮತ್ತು ಎಂಎಂ. ಅದರ ಎಂಎಂ ಪಿಕಪ್ಪಿಗೆ ಮೂರು ಹಂತದ ಸ್ವಿಚ್ ಇತ್ತು: ಎರಡು ಕಾಯಿಲ್ ಸೀರೀಸ್ (ಒಂದರ ಹಿಂದೊಂದು), ಒಂದೇ ಕಾಯಿಲ್, ಎರಡು ಕಾಯಿಲ್ ಪ್ಯಾರಲಲ್ (ಅಕ್ಕಪಕ್ಕ).

ಕಿವಿಗೆ ಮೋಸ ಆಗದ ಹಾಗೆ

ಮೊದಲ ದಿನ ಮೂರನ್ನೂ ನುಡಿಸಿ ನೋಡಿದೆವು. ಮೂರನೆಯದು ಮಿಕ್ಕವನ್ನು ಹೊಡೆದುಹಾಕಿತು. ನಾನಂತೂ ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. "ಇದೇ ತಗೋ, ಇನ್ನು ಯೋಚನೆ ಬೇಡ."

ರಾತ್ರಿ ಮನೆಗೆ ಬಂದು ಹಲ್ಲು ಉಜ್ಜುವಾಗ ಹೊಳೆಯಿತು. ಮೂರನೆಯದಕ್ಕೆ ಫಳಫಳ ಹೊಸ ಸ್ಟೀಲ್ ತಂತಿ ಹಾಕಿತ್ತು. ಮೊದಲನೆಯದರ ತಂತಿ ಕಪ್ಪಿಟ್ಟು, ಬೆರಳಿಗೆ ಜಿಡ್ಡು ಹತ್ತುವಷ್ಟು ಹಳೆಯದು. ನಾವು ಹೋಲಿಸಿದ್ದು ತಂತಿಯನ್ನು, ಪಿಕಪ್ಪನ್ನಲ್ಲ! ಇಷ್ಟು ವರ್ಷ ನುಡಿಸಿದವನು ನಾನು. ನಾಚಿಕೆ ಆಯಿತು.

ಮಾಲೀಕರನ್ನು ಕೇಳಿ ಮೂರಕ್ಕೂ ಒಂದೇ ನಮೂನೆಯ ನಿಕ್ಕಲ್ ರೌಂಡ್‌ವೌಂಡ್ ತಂತಿ ಹಾಕಿದೆವು, ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ 45ರಿಂದ 105. ಆಂಪ್ ಒಂದೇ, ಈಕ್ಯೂ ನಾಬ್ ಎಲ್ಲ ನಡುವೆ. ಆಂಪ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸಿಗೆ ಹಾಕಿಯೂ ರೆಕಾರ್ಡ್ ಮಾಡಿದೆವು. ನಾಲ್ಕೇ ತುಣುಕು: ಪಿಕ್ ರಾಕ್, ಬೆರಳಿನ ನಿಧಾನದ್ದು, ಸ್ಲ್ಯಾಪ್, ಆ ಒಂಟಿ ರಾಗ. ಆಮೇಲೆ ಎಲ್ಲದರ ಸದ್ದಿನ ಮಟ್ಟ ಒಂದೇ ಮಾಡಿದೆವು. ಇದನ್ನು ಬಿಡಬೇಡಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸೋದು ಎಲ್ಲರ ಕಿವಿಯ ದೌರ್ಬಲ್ಯ. ಒಳಗೆ ಪ್ರೀಆಂಪ್ ಇರುವ ಬೇಸ್ ಜೋರಾಗಿರೋದರಿಂದಲೇ ಅರ್ಧ ಗೆಲ್ಲುತ್ತದೆ.

ಪ್ರತಿ ಬೇಸಿನಲ್ಲೂ ಮೂರು ಸ್ಥಿತಿ ರೆಕಾರ್ಡ್ ಮಾಡಿದೆವು. ಮುಂದಿನ ಪಿಕಪ್ ಒಂದೇ, ಹಿಂದಿನದು ಒಂದೇ, ಎರಡೂ ಸೇರಿ. ಅಲ್ಲೇ ಮೊದಲನೆಯದರ ಬಂಡವಾಳ ಬಯಲಾಯಿತು.

ಸೇರಿದರೆ ಸೊರಗುವ ಬೇಸ್

ಪಿಜೆಯಲ್ಲಿ ಪಿ ಒಂದೇ ಇದ್ದಾಗ ಸದ್ದು ಅದ್ಭುತ. ತಂಗಿ ಮೊದಲ ಸಲ ಕಣ್ಣು ದೊಡ್ಡದು ಮಾಡಿದ್ದು ಅಲ್ಲೇ. ಜೆ ಒಂದೇ ಇದ್ದಾಗ ತೆಳು, ಆದರೆ ಆರೋಗ್ಯವಾಗಿದೆ. ಎರಡೂ ಪೂರ್ತಿ ತಿರುಗಿಸಿದರೆ ಕೆಳಗಿನ ಸದ್ದೇ ಹೊರಟುಹೋಯಿತು. ಡಬ್ಬದೊಳಗೆ ಹಾಕಿದ ರೇಡಿಯೋ ಥರ. ಜೋರು ಕೂಡ ಕಮ್ಮಿ.

"ಅದಕ್ಕೇ ಮಾರ್ತಿದ್ದಾರೆ ಅನ್ಸುತ್ತೆ" ಅಂದಳು. ಇರಬಹುದು. ಮಾರುವವರು, "ಪಿಜೆ ಅಂದ್ರೆ ಹಾಗೇ, ನಡುವಿನ ಸೆಟ್ಟಿಂಗ್ ಯಾರೂ ಬಳಸಲ್ಲ" ಅಂತ ನಮಗೂ ಹೇಳಿದ್ದರು. ಆ ಮಾತು ನಂಬಬೇಡಿ. ಎರಡು ಪಿಕಪ್ ಸೇರಿದಾಗ ಮಿಡ್ ಸ್ವಲ್ಪ ತಗ್ಗೋದು ಸಹಜ, ಮೇಲೆ ಹೇಳಿದೆನಲ್ಲ. ಆದರೆ ಒಂದೊಂದೇ ಚೆನ್ನಾಗಿದ್ದು, ಸೇರಿದಾಗ ಮಂದ್ರವೇ ಕಾಣೆಯಾದರೆ ಅದು ಫೇಸ್ ತಪ್ಪಿರೋದು. ಒಂದೇ ತಂತಿಯ ಬಗ್ಗೆ ಒಬ್ಬ 'ಮೇಲೆ' ಅಂದಾಗ ಇನ್ನೊಬ್ಬ 'ಕೆಳಗೆ' ಅಂತಿದ್ದಾನೆ. ಮೂಲ ಸ್ವರದಲ್ಲಿ ತಂತಿ ಎರಡು ಪಿಕಪ್ಪಿನ ಮೇಲೂ ಒಟ್ಟಿಗೇ ಏರಿಳಿಯುತ್ತದೆ. ಅದಕ್ಕೇ ಮೊದಲು ಸಾಯೋದು ಅದೇ.

ಮಾಲೀಕರ ಅನುಮತಿ ತಗೊಂಡು ಹಿಂದಿನ ಮುಚ್ಚಳ ಬಿಚ್ಚಿದೆ. ಪಿಕಪ್ಪಿನ ವೈರುಗಳನ್ನು ಬಿಡಿಸಿಕೊಂಡು ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟೆ. ಕೆಂಪು ಮುಳ್ಳು ವಾಲ್ಯೂಮಿಗೆ ಹೋಗೋ ವೈರಿಗೆ, ಕಪ್ಪು ಗ್ರೌಂಡ್ ವೈರಿಗೆ. ಪಿ ಪಿಕಪ್ಪಿನಲ್ಲಿ ಕಾಣೋ ಮ್ಯಾಗ್ನೆಟ್ ಮೊಳೆಯ ಮೇಲೆ ಸ್ಕ್ರೂಡ್ರೈವರ್ ತುದಿ ಮೆತ್ತಗೆ ಇಟ್ಟು, ತಟ್ಟನೆ ಮೇಲಕ್ಕೆ ಎಳೆದೆ. ಅಂಕಿ ಒಂದು ಕ್ಷಣ ಪ್ಲಸ್ ಕಡೆ ಹಾರಿತು. ಮತ್ತೆ ಎಳೆದೆ, ಮತ್ತೆ ಪ್ಲಸ್. ಇನ್ನೊಂದು ತುಂಡಿನ ಮೇಲೂ ಪ್ಲಸ್. ಈಗ ಜೆ. ಮೈನಸ್. ತಂಗಿ ಪಕ್ಕದಲ್ಲಿ ಕೂತು ತಾನೂ ನಾಲ್ಕು ಸಲ ಎಳೆದು ನೋಡಿದಳು. ನಾಲ್ಕು ಸಲವೂ ಮೈನಸ್.

ಹಿಂದೆ ಯಾರೋ ಜೆ ಪಿಕಪ್ ಬದಲಾಯಿಸಿದ್ದರು, ಸೋಲ್ಡರ್ ನೋಡಿದರೇ ಗೊತ್ತಾಗುತ್ತಿತ್ತು. ಬೇರೆ ತಯಾರಕರ ಪಿಕಪ್ಪಿನಲ್ಲಿ ಸುತ್ತಿನ ದಿಕ್ಕು, ಮ್ಯಾಗ್ನೆಟ್ಟಿನ ದಿಕ್ಕು ಬೇರೆ ಇರಬಹುದು. ಬಿಳಿ ವೈರ್ ವಾಲ್ಯೂಮಿಗೆ, ಕಪ್ಪು ಗ್ರೌಂಡಿಗೆ ಅಂತ ಕಣ್ಣು ಮುಚ್ಚಿ ಹಾಕಿದರೆ ಹೀಗಾಗುತ್ತದೆ. ಮದ್ದು ಸುಲಭ. ಜೆಯ ಕಪ್ಪು ವೈರನ್ನು ವಾಲ್ಯೂಮಿಗೆ, ಬಿಳಿಯನ್ನು ಗ್ರೌಂಡಿಗೆ ಹಾಕಿದೆ. ಮಾಡೋ ಮುಂಚೆ ಒಂದು ನೋಡಿಕೊಳ್ಳಬೇಕು: ಗ್ರೌಂಡ್ ವೈರ್ ಪಿಕಪ್ಪಿನ ಲೋಹದ ತಗಡಿಗೋ ಮೇಲಿನ ಶೀಲ್ಡಿಗೋ ಸೇರಿಕೊಂಡಿದ್ದರೆ ಅದನ್ನು ಮೊದಲು ಬೇರೆ ಮಾಡಬೇಕು. ಇದರಲ್ಲಿ ಸೇರಿರಲಿಲ್ಲ. ಜಾಝ್ ಬೇಸಿನಲ್ಲಿ ಹೀಗೆ ಒಂದರ ವೈರ್ ತಿರುಗಿಸಿದರೆ ಹಮ್ ಕಳೆಯೋ ಲೆಕ್ಕ ಕೆಡುತ್ತದೆ. ಪಿಜೆಯಲ್ಲಿ ಆ ಭಯ ಇಲ್ಲ, ಪಿ ತನ್ನ ಹಮ್ ತಾನೇ ಕಳೆದುಕೊಳ್ಳುತ್ತದೆ, ಜೆಯ ಹಮ್ ಹೇಗಿದ್ದರೂ ಹಾಗೇ ಇರುತ್ತದೆ.

ಒಳಗೆ ಒಂದು ಚೂರು ಟೇಪ್ ಅಂಟಿಸಿ 'ಜೆ ವೈರ್ ಉಲ್ಟಾ, ಬೇಕಂತಲೇ' ಅಂತ ಬರೆದಿಟ್ಟೆ. ಮುಂದೆ ಬಿಚ್ಚೋರು ನನ್ನನ್ನು ಬೈಯದಿರಲಿ ಅಂತ.

ಎರಡೂ ತಿರುಗಿಸಿ ನುಡಿಸಿದಳು. ಕಿಟಕಿಯ ಗಾಜು ಸಣ್ಣಗೆ ಗುನುಗಿತು.

ಮಿಕ್ಕೆರಡು ಯಾಕೆ ಬಿದ್ದವು

ಮೂರು ದಿನ ಬಿಟ್ಟು ಎಲ್ಲ ಮತ್ತೆ ರೆಕಾರ್ಡ್ ಮಾಡಿ, ಹೆಸರು ಹೇಳದೆ ಬ್ಯಾಂಡಿನವರಿಗೆ ಕೇಳಿಸಿದೆವು. ಬೇಸ್ ಒಂದೇ ಕೇಳಿದಾಗ ಮೂರನೆಯದಕ್ಕೇ ಜಾಸ್ತಿ ಕೈ ಎದ್ದವು. ನನ್ನ ಕೈಯೂ. ಹಾಡಿನ ಮಿಕ್ಕ ವಾದ್ಯಗಳ ಜೊತೆ ಕೇಳಿಸಿದಾಗ ಎಲ್ಲರೂ ಪಿಜೆಯ ಪಿ ಸೆಟ್ಟಿಂಗ್ ಹತ್ತಿರ ಬಂದು ನಿಂತರು. ನಾನು ಅದನ್ನು ಎರಡನೆಯ ಬೇಸ್ ಅಂದುಕೊಂಡಿದ್ದೆ. ಕಿವಿಯ ಬಗ್ಗೆ ಇದ್ದ ಅಹಂಕಾರಕ್ಕೆ ಒಳ್ಳೆ ಪೆಟ್ಟು.

ಎರಡನೆಯ ಬೇಸ್ ಕೆಟ್ಟದಲ್ಲ. ಪಿ ಒಂದೇ ಇದ್ದಾಗ ಪಿಜೆಯದಕ್ಕೆ ಸಮ ಸಮ. ಎಂಎಂ ಒಂದೇ ಇದ್ದಾಗ ಸ್ಲ್ಯಾಪಿಗೆ ಅದರಷ್ಟು ಚೆಂದ ಇನ್ಯಾವುದೂ ಇರಲಿಲ್ಲ, ಹೆಬ್ಬೆರಳು ಬಿದ್ದರೆ ಚಾವಟಿ ಏಟು. ಆದರೆ ಎರಡೂ ದೊಡ್ಡ ದನಿಯ ಪಿಕಪ್ಪುಗಳು. ಸೇರಿದರೆ ಇಬ್ಬರು ಪೈಲ್ವಾನರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಬ್ಲೆಂಡ್ ನಾಬನ್ನು ನಡುವೆ ಇಟ್ಟರೆ ಮಂದ್ರ ಉಬ್ಬುತ್ತದೆ, ಮಿಡ್ ತಗ್ಗುತ್ತದೆ, ಅದನ್ನು ಸರಿ ಮಾಡೋಕೆ ಈಕ್ಯೂ ಮುಟ್ಟಬೇಕು. ಹಾಡಿನ ನಡುವೆ ನಾಲ್ಕು ನಾಬ್! ಹತ್ತು ಸೆಕೆಂಡಿನಲ್ಲಿ ಆಗದ ಕೆಲಸ. ಮೇಲೆ, ಆ ಬೇಸಿಗೆ ಪ್ಯಾಸಿವ್ ಸ್ವಿಚ್ ಇರಲಿಲ್ಲ. ಒಂದು ರಿಹರ್ಸಲ್‌ನಲ್ಲಿ 9 ವೋಲ್ಟಿನ ಬ್ಯಾಟರಿ ಮುಗಿಯುತ್ತಾ ಬಂದು ಸದ್ದು ಗೊರಗೊರ ಅಂತು, ಆಮೇಲೆ ನಿಂತೇಹೋಯಿತು. ಹಿಂದಿನ ದಿನ ಜ್ಯಾಕಿನಿಂದ ಕೇಬಲ್ ಎಳೆಯೋಕೆ ಮರೆತಿದ್ದಳು. ಕೇಬಲ್ ಸಿಕ್ಕಿಕೊಂಡಿರುವಷ್ಟು ಹೊತ್ತು ಆಕ್ಟಿವ್ ಬೇಸ್ ಬ್ಯಾಟರಿ ಕುಡಿಯುತ್ತಲೇ ಇರುತ್ತದೆ. ಆಕ್ಟಿವ್ ತಗೊಳ್ಳೋದಾದರೆ ಪ್ಯಾಸಿವ್‌ಗೆ ಬದಲಾಯಿಸೋ ಸ್ವಿಚ್ ಇದೆಯಾ ಅಂತ ಮೊದಲೇ ನೋಡಿ.

ಮೂರನೆಯದು ಇವತ್ತಿಗೂ ನನಗಿಷ್ಟ. ಸ್ಟುಡಿಯೋದಲ್ಲಿ ಕೂತು ರೆಕಾರ್ಡ್ ಮಾಡೋರಿಗೆ ಅದನ್ನೇ ಹೇಳುತ್ತೇನೆ. ಎಂಎಂ ಪಿಕಪ್ಪಿನ ಒಂದೇ ಕಾಯಿಲ್ ಇಟ್ಟುಕೊಂಡು ಜೆ ಬೆರೆಸಿದರೆ ಜಾಝ್ ಬೇಸಿನ ಹತ್ತಿರ, ಸೀರೀಸ್ ಇಟ್ಟರೆ ದಪ್ಪ, ಪ್ಯಾರಲಲ್ ಇಟ್ಟರೆ ಸ್ಟಿಂಗ್‌ರೇ ವಾಸನೆ. ಆದರೆ ಪಿಯ ಆ ಗಡುಸು ಮಿಡ್ ಅದರೊಳಗೆ ಇಲ್ಲ. ಅವಳ ಹಾಡುಗಳಲ್ಲಿ ಅರ್ಧಕ್ಕೆ ಬೇಕಾದ್ದೇ ಅದು. ಜೆ ಒಂದೇ ಬಳಸಿದರೆ ಹಳೆಯ ಹಮ್ ಮತ್ತೆ ಹಾಜರ್. ತೂಕ 4.6 ಕೆಜಿ. ಒಂದೂವರೆ ಗಂಟೆ ನಿಂತು ನುಡಿಸಿದ ಮೇಲೆ ಅವಳು ಎಡಭುಜ ಒತ್ತಿಕೊಳ್ಳುತ್ತಾ, "ಅಣ್ಣಾ, ಇದು ನಿನಗೆ ಇಷ್ಟ, ನನಗಲ್ಲ" ಅಂದಳು. ಸತ್ಯ.

ಪಿಜೆ ಪಾಲಿಗೆ ಇನ್ನೊಂದು ಅದೃಷ್ಟ ಇತ್ತು. ಮೈ ಪ್ರೆಸಿಷನ್ ಆಕಾರ, ನೆಕ್ ಮಾತ್ರ ಜಾಝ್ ಅಳತೆ, ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಹತ್ತಿರ ಅಗಲ 38 ಮಿಮೀ. ಅವಳ ಹಳೆಯ ಬೇಸಿನದ್ದೂ ಅಷ್ಟೇ. ದೊಡ್ಡ ಪ್ರೆಸಿಷನ್ ನೆಕ್ 41ರಿಂದ 44 ಮಿಮೀ ಇರುತ್ತದೆ, ಅದಕ್ಕೆ ಒಗ್ಗೋಕೆ ಎಡಗೈಗೆ ವಾರಗಟ್ಟಲೆ ಬೇಕು. ಪಿಕಪ್ ವಿಷಯದಲ್ಲೇ ಮುಳುಗಿದವರು ಇದನ್ನು ಮರೆಯೋದು ಜಾಸ್ತಿ.

ಕೊಂಡ ಮೇಲೆ ಮಾಡಿದ ಕೆಲಸ

ತಗೊಂಡಾಯಿತು. ಆದರೂ ಎರಡು ಪಿಕಪ್ಪಿನ ನಡುವೆ ಸಮತೋಲ ಇರಲಿಲ್ಲ. ಪಿಯಿಂದ ಜೆಗೆ ಹೋದರೆ ಸದ್ದು ಅರ್ಧಕ್ಕೆ ಇಳಿದ ಹಾಗೆ. ಪಿಜೆಯಲ್ಲಿ ಇದು ಹುಟ್ಟು ಗುಣ. ಪಿಯಲ್ಲಿ ಸುತ್ತು ಜಾಸ್ತಿ, ತಂತಿ ಚೆನ್ನಾಗಿ ಆಡುವ ಜಾಗದಲ್ಲಿ ಅದು ಕೂತಿದೆ. ಜೆ ಕೂತಿರೋದು ಬ್ರಿಡ್ಜ್ ಹತ್ತಿರ, ಅಲ್ಲಿ ತಂತಿಯ ಅಲುಗಾಟವೇ ಕಮ್ಮಿ.

ಕೊನೆಯ ಫ್ರೆಟ್ಟಿನಲ್ಲಿ ಇ ತಂತಿ ಒತ್ತಿ ಹಿಡಿಯೋಕೆ ಅವಳಿಗೆ ಹೇಳಿ, ತಂತಿಯ ತಳದಿಂದ ಪಿಕಪ್ಪಿನವರೆಗೆ ಸ್ಕೇಲ್ ಇಟ್ಟು ಅಳೆದೆ. ಪಿ ತುಂಬಾ ಮೇಲೆ ಇತ್ತು. ಅದನ್ನು ಇ ಕಡೆ 4 ಮಿಮೀ, ಜಿ ಕಡೆ 3 ಮಿಮೀಗೆ ಇಳಿಸಿದೆ. ಜೆಯನ್ನು ಇ ಕಡೆ 2.5, ಜಿ ಕಡೆ 2 ಮಿಮೀಗೆ ಏರಿಸಿದೆ. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ನುಡಿಸಿ, ಕೇಳಿ, ಮತ್ತೆ ಅರ್ಧ ಸುತ್ತು. ಜೆ ಇನ್ನೂ ಏರಿಸಿದ್ದರೆ ಮ್ಯಾಗ್ನೆಟ್ ತಂತಿಯನ್ನೇ ಎಳೆಯೋಕೆ ಶುರು ಮಾಡಿ, ಸ್ವರ ಅಲುಗಾಡಿದ ಹಾಗೆ ಕೇಳುತ್ತದೆ. ಅಳತೆ ನಮ್ಮ ಬೇಸಿನದ್ದು, ನಿಮ್ಮದಕ್ಕೆ ಬೇರೆ ಬರಬಹುದು. ಪಿ ಇಳಿಸಿದ್ದರಿಂದ ಜೋರು ಸ್ವಲ್ಪ ಕಮ್ಮಿಯಾಯಿತು, ಆಂಪಿನಲ್ಲಿ ಏರಿಸಿಕೊಂಡಳು. ಅಷ್ಟೇ.

ಇಷ್ಟಾದ ಮೇಲೆ ಬೆರಕೆ ಕೈಗೆ ಸಿಕ್ಕಿತು. ಪ್ಯಾಸಿವ್ ಬೇಸಿನಲ್ಲಿ ಎರಡು ವಾಲ್ಯೂಮ್ ನಾಬ್ ಒಂದರ ಮೇಲೊಂದು ಪರಿಣಾಮ ಬೀರುತ್ತವೆ. ಎರಡೂ 10ರಲ್ಲಿದ್ದರೆ ಮಿಡ್ ತಗ್ಗು. ಒಂದನ್ನು 8ಕ್ಕೋ 7ಕ್ಕೋ ತಂದರೆ ಸಾಕು, ಮಿಡ್ ಎದ್ದುಬರುತ್ತದೆ. ಆಮೇಲೆ 5ರಿಂದ 0ವರೆಗೆ ತಿರುಗಿಸಿದರೂ ಕೇಳುವ ವ್ಯತ್ಯಾಸ ಅಷ್ಟಕ್ಕಷ್ಟೇ. ಕಸರತ್ತೆಲ್ಲ ನಾಬಿನ ಮೇಲಿನ ಕಾಲು ಭಾಗದಲ್ಲೇ ಇದೆ. ಹೊಸಬರು ಅರ್ಧಕ್ಕೆ ಇಳಿಸಿ "ಏನೂ ಬದಲಾಗಲ್ಲ" ಅಂತಾರೆ, ಅಲ್ವಾ? ಬದಲಾಗೋದು 10 ಮತ್ತು 7ರ ನಡುವೆ.

ಆರು ತಿಂಗಳ ಮೇಲೆ

ಮೊನ್ನೆ ಅವರ ಕಾರ್ಯಕ್ರಮಕ್ಕೆ ಹೋಗಿ ಬದಿಯಲ್ಲಿ ನಿಂತು ಅವಳ ಬಲಗೈಯನ್ನೇ ನೋಡಿದೆ. ಹತ್ತರಲ್ಲಿ ಏಳು ಹಾಡು ಪಿ ಒಂದರಲ್ಲೇ, ಜೆ ಸೊನ್ನೆ. ನಿಧಾನದ ಹಾಡಿಗೆ ಟೋನ್ ಅರ್ಧಕ್ಕೆ ಇಳಿಸುತ್ತಾಳೆ, ಬೆರಳು ನೆಕ್ ಕಡೆ ಜರುಗಿಸುತ್ತಾಳೆ, ಸದ್ದು ಉಂಡೆಯಾಗುತ್ತದೆ. ಫಂಕ್ ಬಂದಾಗ ಪಿ ಪೂರ್ತಿ, ಜೆ 8. ಒಂಟಿ ರಾಗದ ತುಣುಕಿಗೆ ಮಾತ್ರ ಜೆ ಪೂರ್ತಿ, ಪಿ 6ರ ಹತ್ತಿರ. ಜೆ ಒಂದನ್ನೇ ಅವಳು ಬಳಸಿದ್ದು ನಾನು ನೋಡಲಿಲ್ಲ.

ಎಷ್ಟೋ ಜನ ಮಿಶ್ರ ಪಿಕಪ್ ಬೇಸನ್ನು ಎರಡು ಬೇಸ್ ಒಂದರಲ್ಲೇ ಸಿಕ್ಕಿತು ಅಂತ ಕೊಳ್ಳುತ್ತಾರೆ. ನನಗೆ ಹಾಗನ್ನಿಸಲ್ಲ. ಅವಳ ಕೈಯಲ್ಲಿರೋದು ಒಂದು ಒಳ್ಳೆ ಪ್ರೆಸಿಷನ್, ಅದಕ್ಕೆ ಜೆ ಒಂದು ಬಣ್ಣ ಸೇರಿಸುತ್ತದೆ. ಪಿ ಒಂದೇ ಇದ್ದಾಗ ಮನಸ್ಸಿಗೆ ಹಿಡಿಸದ ಪಿಜೆಯನ್ನು ಜೆ ಚೆನ್ನಾಗಿದೆ ಅಂತ ತಗೊಂಡಿದ್ದರೆ ಈ ಏಳು ಹಾಡಿಗೆ ಅವಳು ಮತ್ತೆ ಮಾಯವಾಗುತ್ತಿದ್ದಳು.

ಡ್ರಮ್ಸ್ ಹುಡುಗನನ್ನು ಕೇಳಿದೆ, ಈಗ ಹೇಗೆ ಅಂತ. "ಈಗ ಅಕ್ಕ ತಪ್ಪು ಮಾಡಿದ್ರೂ ಕೇಳುತ್ತೆ" ಅಂದ. ಅವಳಿಗೆ ಸಿಟ್ಟು ಬಂತು.

ಒಂದು ಕೊರತೆ ಉಳಿದಿದೆ. ಜೆ ತೆರೆದಾಗ ಹಮ್ ಬರುತ್ತದೆ, ಪಿ ಜೊತೆ ಬೆರೆಸಿದಾಗ ಕಮ್ಮಿ ಅನ್ನಿಸಿದರೂ ಪೂರ್ತಿ ಹೋಗಲ್ಲ. ಒಂದರ ಮೇಲೊಂದು ಎರಡು ಕಾಯಿಲ್ ಇಟ್ಟ ಹಮ್ ಇಲ್ಲದ ಜೆ ಪಿಕಪ್ಪುಗಳು ಸಿಗುತ್ತವೆ. ಹಾಕಿದರೆ ಟ್ರೆಬಲಿನ ಹೊಳಪು ಸ್ವಲ್ಪ ಬದಲಾಗಬಹುದು, ಅದಕ್ಕೇ ಅವಳು ಅನುಮಾನಿಸುತ್ತಿದ್ದಾಳೆ. ಕೊಳ್ಳುವ ಮುಂಚೆ ಉದ್ದ ಅಳೆಯಬೇಕು, ಜೆ ಪಿಕಪ್ ಎರಡು ಉದ್ದದಲ್ಲಿ ಬರುತ್ತದೆ, ಎರಡಕ್ಕೂ ಇರೋ ವ್ಯತ್ಯಾಸ ಎರಡು ಮೂರು ಮಿಲಿಮೀಟರ್ ಅಷ್ಟೇ, ಆದರೆ ಉದ್ದನೆಯದು ಸಣ್ಣ ಗುಂಡಿಯೊಳಗೆ ಕೂರಲ್ಲ. ಬರೋ ಭಾನುವಾರ ಬೇಸ್ ತರ್ತೀನಿ ಅಂದಿದ್ದಾಳೆ. ಹಳೆಯ ಜಾಝ್ ಬೇಸೂ ಜೊತೆಗೆ ಬರುತ್ತಂತೆ. ಮಾರಲಿಲ್ಲ, ಮನೆಯಲ್ಲಿ ಒಂಟಿಯಾಗಿ ನುಡಿಸೋಕೆ ಅದೇ ಚೆನ್ನಾಗಿದೆಯಂತೆ.